ಗುಂಡಿ ತೋಡಿದವನೇ ಬೀಳುತ್ತಾನಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು. ಪಿತೂರಿ, ಸುಳ್ಳು ದೂರು, ಬೆನ್ನ ಹಿಂದಿನ ಸಂಚು. ಕೇಡು ಬಗೆದವನ ತಲೆಗೇ ಅದು ತಿರುಗಿ ಬರುತ್ತದೆ ಅಂತ ಬೈಬಲ್ ಹೇಳುತ್ತದಲ್ಲ, ಅದು ನಿಜವಾ, ನಿಜವಾದರೆ ಯಾವಾಗ ಅಂತ ಕೇಳಿದ್ದೀರಿ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಪುಟಗಳನ್ನು ಇದಕ್ಕೇ ಕೊಟ್ಟಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಯ್ಯನವರೇ, ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ನನ್ನ ಮೇಲೆ ಸುಳ್ಳು ದೂರು ಬರೆದ. ನನಗೆ ಬರಬೇಕಿದ್ದ ಬಡ್ತಿ ಅವನ ಪಾಲಾಯಿತು. ಸಭೆಯವರು, ‘ಗುಂಡಿ ತೋಡುವವನು ತಾನೇ ಬೀಳುತ್ತಾನೆ ಅಂತ ಜ್ಞಾನೋಕ್ತಿ 26:27ರಲ್ಲಿ ಇದೆ, ನೀನು ಸುಮ್ನೆ ನೋಡ್ತಾ ಇರು’ ಅಂದರು. ನೋಡ್ತಾನೇ ಇದ್ದೇನೆ. ಅವನು ಚೆನ್ನಾಗೇ ಇದ್ದಾನೆ. ವಚನ ಸುಳ್ಳಾ, ಇಲ್ಲ ನನ್ನ ನಂಬಿಕೆ ಸಾಲದಾ?

ಉತ್ತರ: ವಚನ ಸುಳ್ಳಲ್ಲ. ನಿಮ್ಮ ನಂಬಿಕೆಯಲ್ಲೂ ಕೊರತೆ ಇಲ್ಲ. ಆದರೆ ಆ ವಚನವನ್ನು ನಿಮ್ಮ ಕೈಗೆ ಕೊಟ್ಟ ರೀತಿ ಸರಿಯಿಲ್ಲ ಅಂತ ನನಗೆ ಅನ್ನಿಸುತ್ತದೆ. ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು.

ಜ್ಞಾನೋಕ್ತಿಗಳನ್ನು ಮೊದಲಿಂದ ಓದಿ. ಅಪ್ಪ ಮಗನಿಗೆ ಬುದ್ಧಿ ಹೇಳುವ ಮಾತಿನಲ್ಲೇ ಶುರುವಾಗುತ್ತದೆ. ಮೊದಲನೇ ಅಧ್ಯಾಯದಲ್ಲೇ ಆ ಮಗನನ್ನು ಕೆಟ್ಟ ಸಹವಾಸ ಕರೆಯುತ್ತದೆ, ಬಾ, ಹೊಂಚು ಹಾಕೋಣ, ಸಿಕ್ಕಿದ್ದನ್ನು ಎಲ್ಲರೂ ಹಂಚಿಕೊಳ್ಳೋಣ ಅಂತ. ಅಪ್ಪ ಹೇಳುತ್ತಾನೆ, ಅವರ ಜೊತೆ ಹೋಗಬೇಡ ಮಗನೇ, ಅವರು ಹೊಂಚು ಹಾಕುತ್ತಿರುವುದು ತಮ್ಮ ಪ್ರಾಣಕ್ಕೇ (1:18). ಗುಂಡಿಯ ಮಾತೂ ಅದೇ ದನಿಯದ್ದು. ಗುದ್ದಲಿ ಎತ್ತಿಕೊಳ್ಳಲು ಹೊರಟವನ ಕೈ ಹಿಡಿದು ನಿಲ್ಲಿಸುವ ಮಾತು ಅದು. ಗುಂಡಿಯ ಅಂಚಿನಲ್ಲಿ ನಿಂತು ಇವತ್ತು ಬೀಳುತ್ತಾನಾ, ನಾಳೆ ಬೀಳುತ್ತಾನಾ ಅಂತ ಕಾಯುವವನಿಗೆ ಸಮಾಧಾನ ಹೇಳಲು ಅದನ್ನು ಬರೆದದ್ದಲ್ಲ. ನೀವು ಕಾಯುತ್ತಾ ಕೂತಷ್ಟೂ ನಿಮ್ಮ ದಿನಗಳೆಲ್ಲ ಅವನ ಸುತ್ತಲೇ ತಿರುಗುತ್ತವೆ, ಅಲ್ವಾ? ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ನೋವು ಕೊಟ್ಟದ್ದು ಅದೇ.

ಹಾಗಂತ ಇದು ಬರೀ ಎಚ್ಚರಿಕೆಯ ಮಾತು, ನಡೆಯುವುದೇನೂ ಇಲ್ಲ ಅಂತಲ್ಲ. ನಡೆಯುತ್ತದೆ. ಎಸ್ತೇರಳ ಪುಸ್ತಕ ಪೂರ್ತಿ ಇದರದ್ದೇ ಕಥೆ. ಪರ್ಶಿಯದ ಅರಸ ಅಹಷ್ವೇರೋಷನ ಅರಮನೆ, ಶೂಷನ್ ಪಟ್ಟಣ. ಎಸ್ತೇರಳು ಅವನ ರಾಣಿ, ಯೆಹೂದ್ಯಳು. ಮೊರ್ದೆಕೈ ಅವಳನ್ನು ಸಾಕಿದ ಬಂಧು, ಹಾಮಾನ ಅರಸನ ದೊಡ್ಡ ಅಧಿಕಾರಿ. ಮೊರ್ದೆಕೈ ತನಗೆ ಅಡ್ಡಬೀಳಲಿಲ್ಲ ಅನ್ನುವ ಒಂದೇ ಸಿಟ್ಟಿಗೆ ಹಾಮಾನ ಇಡೀ ಯೆಹೂದ್ಯ ಜನಾಂಗವನ್ನೇ ಅಳಿಸಲು ಹೊರಡುತ್ತಾನೆ. ಚೀಟಿ ಹಾಕಿಸಿ ದಿನ ಗೊತ್ತು ಮಾಡುತ್ತಾನೆ. ಅರಸನ ಬೊಕ್ಕಸಕ್ಕೆ 10,000 ತಲಾಂತು ಬೆಳ್ಳಿ ತೂಗಿ ಕೊಡುತ್ತೇನೆ ಅನ್ನುತ್ತಾನೆ. ಅಷ್ಟು ದಿನ ಕಾಯಲೂ ಆಗದೆ, ಹೆಂಡತಿ ಜೆರೆಷಳೂ ಗೆಳೆಯರೂ ಹೇಳಿದ ಹಾಗೆ, ಮೊರ್ದೆಕೈಗಂತಲೇ 50 ಮೊಳ ಎತ್ತರದ ಗಲ್ಲುಗಂಬ ಮಾಡಿಸುತ್ತಾನೆ. ಅಂದರೆ ಸುಮಾರು 75 ಅಡಿ. ಒಬ್ಬ ಮನುಷ್ಯನನ್ನು ಕೊಲ್ಲಲು ಅಷ್ಟು ಎತ್ತರ ಯಾಕೆ ಬೇಕಿತ್ತು? ಊರಿಗೆಲ್ಲ ಕಾಣಲಿ ಅಂತ ಇರಬೇಕು.

ಅದೇ ರಾತ್ರಿ ಅರಸನಿಗೆ ನಿದ್ದೆ ಬರಲಿಲ್ಲ. ಅಷ್ಟೇ. ದೇವದೂತ ಬಂದ ಅಂತ ಬರೆದಿಲ್ಲ, ಗುಡುಗು ಮಿಂಚು ಇಲ್ಲ, ಆ ಪುಸ್ತಕದಲ್ಲಿ ದೇವರ ಹೆಸರು ಕೂಡ ಒಂದು ಸಲವೂ ಬರುವುದಿಲ್ಲ. ನಿದ್ದೆ ಬರದ ಅರಸ ರಾಜ್ಯದ ದಾಖಲೆ ಪುಸ್ತಕ ತರಿಸಿ ಓದಿಸುತ್ತಾನೆ. ಹಿಂದೆ ಇಬ್ಬರು ಕಂಚುಕಿಗಳು (ಅರಮನೆಯ ಸೇವಕರು) ತನ್ನನ್ನು ಕೊಲ್ಲಲು ಸಂಚು ಮಾಡಿದಾಗ ಅದನ್ನು ತಿಳಿಸಿ ಕಾಪಾಡಿದವನು ಮೊರ್ದೆಕೈ ಅಂತ ಅದರಲ್ಲಿ ಸಿಗುತ್ತದೆ. ಅವನಿಗೆ ಏನು ಮರ್ಯಾದೆ ಮಾಡಿದೆವು ಅಂತ ಕೇಳಿದರೆ, ಏನೂ ಇಲ್ಲ. ಅಂಗಳದಲ್ಲಿ ಯಾರಿದ್ದಾರೆ ಅಂತ ನೋಡಿದರೆ ಹಾಮಾನ! ಮೊರ್ದೆಕೈಯನ್ನು ನೇಣಿಗೆ ಹಾಕಿಸಲು ಅಪ್ಪಣೆ ಕೇಳಲು ಬಂದು ನಿಂತಿದ್ದಾನೆ. ಅರಸ ಕೇಳುತ್ತಾನೆ, ನಾನು ಒಬ್ಬನನ್ನು ಸನ್ಮಾನಿಸಬೇಕು, ಏನು ಮಾಡಲಿ? ಅದು ತನಗೇ ಅಂದುಕೊಂಡ ಹಾಮಾನ ಅರಸನ ಉಡುಪು, ಅರಸನ ಕುದುರೆ, ಊರಲ್ಲಿ ಮೆರವಣಿಗೆ ಅಂತೆಲ್ಲ ಹೇಳುತ್ತಾನೆ. ಸರಿ, ಹಾಗೇ ಮಾಡು, ಮೊರ್ದೆಕೈಗೆ ಮಾಡು ಅನ್ನುತ್ತಾನೆ ಅರಸ. ಕುದುರೆ ಹಿಡಿದುಕೊಂಡು ಮುಂದೆ ಕೂಗುತ್ತಾ ಹೋದವನು ಹಾಮಾನನೇ. ಆಮೇಲೆ ಎಸ್ತೇರಳ ಔತಣದಲ್ಲಿ ಸಂಚು ಬಯಲಾದಾಗ ಹರ್ಬೋನ ಅನ್ನುವ ಕಂಚುಕಿ ಒಂದೇ ಮಾತು ಹೇಳುತ್ತಾನೆ: ಹಾಮಾನನ ಮನೆ ಹತ್ತಿರ 50 ಮೊಳದ ಕಂಬ ನಿಂತಿದೆಯಲ್ಲ. ಬೇರೆ ಕಂಬ ಹುಡುಕುವ ಕೆಲಸವೇ ಇರಲಿಲ್ಲ.

ಇಷ್ಟು ಚೆನ್ನಾಗಿ ಕೂಡಿ ಬರುವ ಕಥೆ ಓದಿದ ಮೇಲೆ ನಮ್ಮ ಜೀವನದಲ್ಲೂ ಹೀಗೇ, ಬೇಗನೇ, ಎಲ್ಲರ ಕಣ್ಣೆದುರೇ ಆಗಬೇಕು ಅಂತ ಮನಸ್ಸು ಕೇಳುತ್ತದೆ. ಆದರೆ ಅದೇ ಬೈಬಲ್ಲಿನಲ್ಲಿ ನಾಬೋತನೂ ಇದ್ದಾನೆ. ದಯವಿಟ್ಟು 1 ಅರಸುಗಳು 21 ಓದಿ. ಇಸ್ರಾಯೇಲಿನ ಅರಸ ಅಹಾಬನಿಗೆ ನಾಬೋತನ ದ್ರಾಕ್ಷಿ ತೋಟ ಬೇಕಿತ್ತು. ಅಹಾಬನ ಹೆಂಡತಿ ಈಜೆಬೆಲಳು ಇಬ್ಬರು ಸುಳ್ಳು ಸಾಕ್ಷಿಗಳನ್ನು ಕೂರಿಸಿ ನಾಬೋತನನ್ನು ಕಲ್ಲೆಸೆದು ಕೊಲ್ಲಿಸಿದಳು. ಪ್ರವಾದಿ ಎಲೀಯ ಬಂದು ದೇವರ ತೀರ್ಪು ಹೇಳಿದ, ತೀರ್ಪು ನಡೆಯಿತು ಕೂಡ. ಅಹಾಬ ಯುದ್ಧದಲ್ಲಿ ಸತ್ತ, ಅವನ ರಕ್ತವನ್ನು ನಾಯಿಗಳು ನೆಕ್ಕಿದವು. ಈಜೆಬೆಲಳದ್ದು ಅದಕ್ಕಿಂತ ಎಷ್ಟೋ ತಡವಾಗಿ, ಮುಂದೆ ಅರಸನಾದ ಯೇಹುವಿನ ಕಾಲದಲ್ಲಿ. ನಾಬೋತ ಅದ್ಯಾವುದನ್ನೂ ನೋಡಲಿಲ್ಲ. ಅವನ ಪಾಲಿಗೆ ನ್ಯಾಯ ಬಂದದ್ದು ಅವನು ಸತ್ತ ಮೇಲೆ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ, ಆದರೆ ಇದನ್ನು ಮುಚ್ಚಿಟ್ಟು ಬರೀ ಹಾಮಾನನ ಕಥೆ ಹೇಳುವುದು ನಿಮಗೆ ಮೋಸ ಮಾಡಿದ ಹಾಗೆ. ಸಂಚು ತಿರುಗಿ ಬೀಳುವುದು ದೇವರ ಕೈಯಲ್ಲಿದೆ ಅಂತ ಬೈಬಲ್ ಹೇಳುತ್ತದೆ. ತಾರೀಕು ಹೇಳುವುದಿಲ್ಲ.

73ನೇ ಕೀರ್ತನೆಯ ಆಸಾಫ ನಿಮ್ಮ ಪ್ರಶ್ನೆಯನ್ನೇ ಕೇಳಿದ್ದ. ಕೆಟ್ಟವರು ಕೊಬ್ಬಿ ಚೆನ್ನಾಗಿದ್ದಾರೆ, ನಾನು ಕೈ ತೊಳೆದುಕೊಂಡು ಶುದ್ಧನಾಗಿ ಇದ್ದದ್ದೆಲ್ಲ ವ್ಯರ್ಥವಾ ಅಂತ. ದೇವಾಲಯಕ್ಕೆ ಹೋಗುವವರೆಗೂ ಅವನ ಕಾಲು ಜಾರುತ್ತಲೇ ಇತ್ತು. ಅವನನ್ನು ದೇವರು ಬೈಯಲಿಲ್ಲ. ಹಾಗಾಗಿ ನೀವು ಕೇಳಿದ್ದರಲ್ಲಿ ತಪ್ಪಿಲ್ಲ.

ಇನ್ನೊಂದು. ಸುಮ್ನೆ ಇರು ಅಂದರಲ್ಲ, ಅದು ನನಗೆ ಒಪ್ಪಿಗೆ ಇಲ್ಲ. ಎಸ್ತೇರಳು ಸುಮ್ಮನೆ ಇರಲಿಲ್ಲ. ಮೂರು ದಿನ ಉಪವಾಸವಿದ್ದು, ಕರೆಯದೆ ಅರಸನ ಮುಂದೆ ಹೋದರೆ ತಲೆ ಹೋಗಬಹುದು ಅಂತ ಗೊತ್ತಿದ್ದೂ ಹೋಗಿ ಮಾತಾಡಿದಳು. ಹಾಮಾನ ಸತ್ತ ಮೇಲೂ ಅವನು ಹೊರಡಿಸಿದ್ದ ಆಜ್ಞೆ ಹಾಗೇ ಇತ್ತು, ಅರಸನ ಮುದ್ರೆ ಬಿದ್ದ ಪತ್ರವನ್ನು ರದ್ದು ಮಾಡುವ ಹಾಗಿರಲಿಲ್ಲ. ಅದಕ್ಕೆ ಅವಳು ಮತ್ತೆ ಹೋಗಿ ಅರಸನ ಕಾಲಿಗೆ ಬಿದ್ದು ಅಳಬೇಕಾಯಿತು, ಮೊರ್ದೆಕೈ ಕೂತು ಎರಡನೇ ಆಜ್ಞೆ ಬರೆಸಬೇಕಾಯಿತು. ಅಪೊಸ್ತಲ ಪೌಲನೂ ಹಾಗೇ, ಯೆರೂಸಲೇಮಿನಲ್ಲಿ ಸೆರೆಯಲ್ಲಿದ್ದಾಗ. ಅವನನ್ನು ಕೊಲ್ಲುವ ತನಕ ಅನ್ನನೀರು ಮುಟ್ಟುವುದಿಲ್ಲ ಅಂತ 40ಕ್ಕಿಂತ ಜಾಸ್ತಿ ಜನ ಶಪಥ ಮಾಡಿದ್ದರು. ಪೌಲನ ಅಕ್ಕನೋ ತಂಗಿಯೋ, ಅವಳ ಮಗ ಇದನ್ನು ಕೇಳಿಸಿಕೊಂಡು ಬಂದು ಹೇಳಿದ. ಪೌಲ ದೇವರು ನೋಡಿಕೊಳ್ಳುತ್ತಾನೆ ಅಂತ ಕೂರಲಿಲ್ಲ, ಆ ಹುಡುಗನನ್ನು ರೋಮಿನ ಸೇನಾಧಿಕಾರಿ ಸಹಸ್ರಾಧಿಪತಿ ಹತ್ತಿರ ಕಳಿಸಿದ. ಅದೇ ರಾತ್ರಿ 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿಯವರ ಕಾವಲಿನಲ್ಲಿ ಅವನನ್ನು ಅಲ್ಲಿಂದ ಸಾಗಿಸಿದರು (ಅಪೊಸ್ತಲರ ಕೃತ್ಯಗಳು 23). ಧರ್ಮೋಪದೇಶಕಾಂಡ 19ರಲ್ಲಂತೂ ಸುಳ್ಳು ಸಾಕ್ಷಿಯ ಬಗ್ಗೆ ಕಾನೂನೇ ಇದೆ: ನ್ಯಾಯಾಧಿಪತಿಗಳು ಚೆನ್ನಾಗಿ ವಿಚಾರಣೆ ಮಾಡಬೇಕು, ಸುಳ್ಳು ಅಂತ ಸಾಬೀತಾದರೆ ಅವನು ಇನ್ನೊಬ್ಬನಿಗೆ ಏನು ಮಾಡಲು ಯೋಚಿಸಿದ್ದನೋ ಅದನ್ನೇ ಅವನಿಗೆ ಮಾಡಬೇಕು. ತಿರುಗಿ ಬೀಳುವುದು ಕೆಲವು ಸಲ ಸರಿಯಾದ ವಿಚಾರಣೆಯ ಮೂಲಕವೇ ಬರುತ್ತದೆ. ಆದ್ದರಿಂದ ನಿಮ್ಮ ಹತ್ತಿರ ಇರುವ ಕಾಗದ ಪತ್ರಗಳನ್ನು ಜೋಡಿಸಿಕೊಳ್ಳಿ, ನಡೆದದ್ದನ್ನು ನಡೆದ ಹಾಗೇ ಬರೆದು ಮೇಲಿನವರಿಗೆ ಕೊಡಿ. ಅವನ ಬಗ್ಗೆ ಒಂದು ಸಾಲು ಕೂಡ ಉಪ್ಪು ಖಾರ ಹಚ್ಚಬೇಡಿ. ಅಲ್ಲಿ ನಿಮ್ಮದೇ ಒಂದು ಗುಂಡಿ ಶುರುವಾಗುತ್ತದೆ.

ಪ್ರಶ್ನೆ: 35ನೇ ಕೀರ್ತನೆಯನ್ನು ಓದಿ ನನಗೆ ಕೇಡು ಮಾಡಿದವರ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತೇನೆ, ಅವರು ಬಚ್ಚಿಟ್ಟ ಬಲೆಗೆ ಅವರೇ ಬೀಳಲಿ ಅಂತ. ನಮ್ಮ ಅಮ್ಮ ಹೀಗೆ ಮಾಡಬಾರದು ಅನ್ನುತ್ತಾರೆ. ಬೈಬಲ್ಲಿನಲ್ಲೇ ಇರುವುದನ್ನು ಹೇಳಿದರೆ ತಪ್ಪೇನು?

ಉತ್ತರ: ಪೂರ್ತಿ ತಪ್ಪು ಅನ್ನಲಾರೆ ತಮ್ಮಾ. ಆ ಕೀರ್ತನೆಗಳು ಅಲ್ಲಿರುವುದೇ ಹೊಟ್ಟೆ ಉರಿಯುತ್ತಿರುವವನು ತನ್ನ ಉರಿಯನ್ನು ದೇವರ ಮುಂದೆ ಸುರಿಯಲಿ ಅಂತ. ಕೈಗೆ ಕತ್ತಿ ತೆಗೆದುಕೊಳ್ಳುವ ಬದಲು ಬಾಯಿ ಬಿಟ್ಟು ದೇವರಿಗೆ ಹೇಳುವುದು ಎಷ್ಟೋ ಮೇಲು. ಆದರೆ ಆ ಕೀರ್ತನೆಯನ್ನು ಪೂರ್ತಿ ಓದಿ. 13ನೇ ವಚನದಲ್ಲಿ ಅದನ್ನು ಹಾಡಿದ ದಾವೀದ ಏನು ಹೇಳುತ್ತಾನೆ ನೋಡಿ. ಈಗ ತನಗೆ ಬಲೆ ಒಡ್ಡಿದವರು ಹಿಂದೆ ಕಾಯಿಲೆ ಬಿದ್ದಾಗ ತಾನು ಗೋಣಿತಟ್ಟು ಕಟ್ಟಿಕೊಂಡು ಉಪವಾಸ ಮಾಡಿದ್ದೆ ಅನ್ನುತ್ತಾನೆ. ನೀವು ಹೆಸರು ಹೇಳುವವರಿಗಾಗಿ ಯಾವತ್ತಾದರೂ ಹಾಗೆ ಪ್ರಾರ್ಥಿಸಿದ್ದೀರಾ?

7ನೇ ಕೀರ್ತನೆಯನ್ನೂ ತೆಗೆಯಿರಿ. ಬೆನ್ಯಾಮೀನ ಕುಲದ ಕೂಷ ಅನ್ನುವವನ ಮಾತುಗಳ ವಿಷಯದಲ್ಲಿ ದಾವೀದ ಹಾಡಿದ್ದು ಅಂತ ಅದರ ತಲೆಬರಹವೇ ಹೇಳುತ್ತದೆ. ಕೇಡನ್ನು ಗರ್ಭ ಧರಿಸಿ ಸುಳ್ಳನ್ನು ಹೆರುತ್ತಾನೆ, ತಾನು ತೋಡಿದ ಕುಣಿಗೆ ತಾನೇ ಬೀಳುತ್ತಾನೆ, ಅವನ ಹಿಂಸೆ ಅವನ ನೆತ್ತಿ ಮೇಲೇ ಇಳಿಯುತ್ತದೆ ಅನ್ನುವ ಆ ಬಲವಾದ ಮಾತುಗಳು ಬರುವುದು 14ರಿಂದ 16ನೇ ವಚನಗಳಲ್ಲಿ. ಅದಕ್ಕಿಂತ ಮುಂಚೆ, 3ನೇ ವಚನದಿಂದ, ದಾವೀದ ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ದೇವರೇ, ನನ್ನ ಕೈಯಲ್ಲಿ ಅನ್ಯಾಯ ಇದ್ದರೆ, ನನ್ನ ಜೊತೆ ಚೆನ್ನಾಗಿದ್ದವನಿಗೆ ನಾನು ಕೇಡು ಮಾಡಿದ್ದರೆ, ಶತ್ರು ನನ್ನನ್ನೇ ಹಿಡಿದು ನೆಲಕ್ಕೆ ತುಳಿಯಲಿ ಅಂತ. ನಾವು ಆ ಮೊದಲ ಭಾಗ ಹಾರಿಸಿ ನೇರ ಕುಣಿಯ ಹತ್ತಿರ ಹೋಗುತ್ತೇವೆ.

ದಾವೀದ ಬಾಯಲ್ಲಿ ಏನೇ ಹಾಡಿದರೂ ಕೈಯಲ್ಲಿ ಏನು ಮಾಡಿದ ಅನ್ನುವುದು ನನಗೆ ಮುಖ್ಯ. ಏಂಗೆದಿಯ ಗವಿ, 1 ಸಮುವೇಲ 24. ತನ್ನನ್ನು ಕೊಲ್ಲಲು 3,000 ಜನರ ಜೊತೆ ಬಂದಿದ್ದ ಅರಸ ಸೌಲ ಶೌಚಕ್ಕೆ ಅಂತ ಒಬ್ಬನೇ ಒಳಗೆ ಬಂದ. ಗವಿಯ ಒಳಮೂಲೆಯಲ್ಲಿ ದಾವೀದನೂ ಅವನ ಜನರೂ ಅಡಗಿ ಕೂತಿದ್ದರು. ಜೊತೆಯವರು, ಇದೇ ದೇವರು ಹೇಳಿದ ದಿನ ಅಂತ ಕಿವಿಯಲ್ಲಿ ಪಿಸುಗುಟ್ಟಿದರು. ದಾವೀದ ತೆವಳಿಕೊಂಡು ಹೋದ, ಅವನ ಕೈಗೆ ಎಟುಕುವಷ್ಟು ಹತ್ತಿರ ಸೌಲ ಇದ್ದ. ಅವನು ಕತ್ತರಿಸಿದ್ದು ಸೌಲನ ಮೇಲಂಗಿಯ ಅಂಚು ಮಾತ್ರ. ಅಷ್ಟಕ್ಕೇ ಅವನ ಮನಸ್ಸು ಅವನನ್ನು ಚುಚ್ಚಿತು. ಹೊರಗೆ ಬಂದು ಕೂಗಿ ಹೇಳಿದ, ನನ್ನ ನಿನ್ನ ನಡುವೆ ಯೆಹೋವನೇ ನ್ಯಾಯ ತೀರಿಸಲಿ, ನನ್ನ ಕೈ ನಿನ್ನ ಮೇಲೆ ಬೀಳುವುದಿಲ್ಲ.

ಸೌಲನ ಸಂಚು ಅವನಿಗೇ ತಿರುಗಿತು ಕೂಡ. ದಾವೀದ ಫಿಲಿಷ್ಟಿಯರ ಕೈಯಲ್ಲಿ ಸಾಯಲಿ ಅಂತಲೇ ಅವನನ್ನು ಅಳಿಯನನ್ನಾಗಿ ಮಾಡಿಕೊಳ್ಳುವ ನೆಪದಲ್ಲಿ ಅವರ ಮೇಲೆ ಯುದ್ಧಕ್ಕೆ ಕಳಿಸಿದ್ದ (1 ಸಮುವೇಲ 18:25). ಕಡೆಗೆ ಅದೇ ಫಿಲಿಷ್ಟಿಯರು ಗಿಲ್ಬೋವ ಬೆಟ್ಟದಲ್ಲಿ ಸೌಲನನ್ನು ಮುತ್ತಿಕೊಂಡರು, ಗಾಯಗೊಂಡವನು ತನ್ನ ಕತ್ತಿಯ ಮೇಲೇ ಬಿದ್ದ. ಸುದ್ದಿ ಬಂದಾಗ ದಾವೀದ ಬಟ್ಟೆ ಹರಿದುಕೊಂಡು ಅತ್ತ. ಸಂಜೆಯವರೆಗೂ ಊಟ ಮಾಡಲಿಲ್ಲ. ಜ್ಞಾನೋಕ್ತಿ 24:17-18 ಇದನ್ನೇ ಹೇಳುತ್ತದೆ, ನಿನ್ನ ಶತ್ರು ಬಿದ್ದರೆ ಹಿಗ್ಗಬೇಡ, ದೇವರು ಅದನ್ನು ನೋಡಿ ಅವನ ಮೇಲಿನ ಸಿಟ್ಟು ತೆಗೆದುಬಿಟ್ಟಾನು. ಗುಂಡಿಯ ವಚನವನ್ನು ಬಾಯಿಪಾಠ ಮಾಡಿದವರು ಇದನ್ನೂ ಮಾಡಬೇಕು.

ಅಮ್ಮನ ಮಾತು ಕೇಳಿ. ಹೆಸರು ಹೇಳುವುದನ್ನು ಬಿಡಬೇಡಿ, ಆದರೆ ಆ ಹೆಸರಿನ ಜೊತೆ ಅವರ ಮನಸ್ಸು ತಿರುಗಲಿ ಅಂತಲೂ ಸೇರಿಸಿ. ಮೊದಮೊದಲು ಬಾಯಿಗೆ ಬರುವುದಿಲ್ಲ. ಆದರೂ ಹೇಳಿ.

ಪ್ರಶ್ನೆ: ದಾನಿಯೇಲನ ಮೇಲೆ ಸಂಚು ಮಾಡಿದವರನ್ನು ಸಿಂಹದ ಗವಿಗೆ ಹಾಕಿದ್ದು ಸರಿ. ಅವರ ಹೆಂಡತಿ ಮಕ್ಕಳು ಏನು ಮಾಡಿದ್ದರು?

ಉತ್ತರ: ಏನೂ ಮಾಡಿರಲಿಲ್ಲ. ದಾನಿಯೇಲ 6:24ರಲ್ಲಿ ಅಪ್ಪಣೆ ಕೊಟ್ಟವನು ದಾರ್ಯಾವೆಷ ಅರಸ, ದೇವರಲ್ಲ. ನಡೆದದ್ದನ್ನು ಬರೆದಿದ್ದಾರೆ ಅಂದ ಮಾತ್ರಕ್ಕೆ ಅದು ಸರಿ ಅಂತ ಹೇಳಿದ ಹಾಗಲ್ಲ. ಮಕ್ಕಳ ತಪ್ಪಿಗೆ ತಂದೆಯನ್ನಾಗಲಿ, ತಂದೆಯ ತಪ್ಪಿಗೆ ಮಕ್ಕಳನ್ನಾಗಲಿ ಕೊಲ್ಲಬಾರದು ಅಂತ ಮೋಶೆಯ ಧರ್ಮಶಾಸ್ತ್ರ ಖಡಾಖಂಡಿತ ಹೇಳುತ್ತದೆ (ಧರ್ಮೋಪದೇಶಕಾಂಡ 24:16). ಅವರ ಸಂಚಿನಿಂದ ಸಿಂಹದ ಗವಿಗೆ ಬಿದ್ದು ಬದುಕಿ ಬಂದ ದಾನಿಯೇಲ ಅವರಿಗೆ ಶಿಕ್ಷೆ ಕೊಡಿ ಅಂತ ಕೇಳಿದ ಅಂತಲೂ ಎಲ್ಲೂ ಇಲ್ಲ. ಭಾನುವಾರದ ಶಾಲೆಯಲ್ಲಿ ಈ ಕಥೆ ಹೇಳುವವರು ಕೊನೆಯ ಆ ವಚನಕ್ಕೆ ಚಪ್ಪಾಳೆ ಹೊಡೆಸಬೇಡಿ ಅಂತ ನನ್ನ ಕೋರಿಕೆ.

ಪ್ರಶ್ನೆ: ನಮ್ಮ ಸಂಬಂಧಿಕರೊಬ್ಬರು ಹಾಸಿಗೆ ಹಿಡಿದಿದ್ದಾರೆ. ಹಿಂದೆ ಅಣ್ಣತಮ್ಮಂದಿರಿಗೆ ಮೋಸ ಮಾಡಿದ್ದರು, ಅದೇ ತಿರುಗಿ ಬಂದಿದೆ ಅಂತ ಮನೆಯವರೆಲ್ಲ ಹೇಳುತ್ತಾರೆ. ಹಾಗೆ ಹೇಳಬಹುದಾ?

ಉತ್ತರ: ಹೇಳಬಾರದು. ಯಾರ ಹಾಸಿಗೆ ಪಕ್ಕದಲ್ಲೂ ಈ ಮಾತು ಆಡಬಾರದು.

ಕೇಡನ್ನು ಉತ್ತವರು ಕೇಡನ್ನೇ ಕೊಯ್ಯುತ್ತಾರೆ ಅಂತ ಬೈಬಲ್ಲಿನಲ್ಲಿ ಇದೆ, ಯೋಬ 4:8ರಲ್ಲಿ. ಕೇಳಲು ಪೌಲ ಗಲಾತ್ಯದವರಿಗೆ ಬರೆದ ಬಿತ್ತು ಕೊಯ್ಲಿನ ಮಾತಿನ ಹಾಗೇ ಇದೆ. ಆದರೆ ಅದನ್ನು ಹೇಳಿದವನು ಯಾರು? ಯೋಬನನ್ನು ನೋಡಲು ಬಂದ ಗೆಳೆಯ ಎಲೀಫಜ. ಯಾರಿಗೆ ಹೇಳಿದ? ಹತ್ತು ಮಕ್ಕಳನ್ನು ಕಳೆದುಕೊಂಡು, ಮೈತುಂಬ ಹುಣ್ಣಾಗಿ, ಬೂದಿಯಲ್ಲಿ ಕೂತಿದ್ದ ಯೋಬನಿಗೆ. ಯೋಬ ಯಾವ ಸಂಚೂ ಮಾಡಿರಲಿಲ್ಲ. ಕಡೆಗೆ ದೇವರು ಎಲೀಫಜನಿಗೆ, ನಿನ್ನ ಮೇಲೂ ನಿನ್ನ ಇಬ್ಬರು ಗೆಳೆಯರ ಮೇಲೂ ನನಗೆ ಕೋಪ ಬಂದಿದೆ ಅನ್ನುತ್ತಾನೆ (42:7). ನಿಜವಾದ ಮಾತನ್ನೇ ತಗೊಂಡು ತಪ್ಪು ಮನುಷ್ಯನ ಮೇಲೆ ಎಸೆದರೆ ಅದು ಸುಳ್ಳಿನಷ್ಟೇ ಗಾಯ ಮಾಡುತ್ತದೆ.

ಸಂಚು ಮಾಡಿದವನು ಬೀಳುತ್ತಾನೆ ಅಂದ ಮಾತ್ರಕ್ಕೆ ಬಿದ್ದವರೆಲ್ಲ ಸಂಚು ಮಾಡಿದವರು ಅಂತ ಆಗುವುದಿಲ್ಲ. ಪ್ರಸಂಗಿ 10:8ರಲ್ಲೂ ಗುಂಡಿ ತೋಡುವವನು ಅದರಲ್ಲಿ ಬೀಳುವ ಮಾತಿದೆ. ಅದರ ಪಕ್ಕದ ವಚನದಲ್ಲೇ ಕಲ್ಲು ಕೀಳುವವನಿಗೆ ಕಲ್ಲಿನಿಂದ ಪೆಟ್ಟು, ಮರ ಸೀಳುವವನಿಗೆ ಮರದಿಂದ ಅಪಾಯ ಅಂತಲೂ ಇದೆ. ಕಲ್ಲು ಕೀಳುವುದು ಪಾಪವಾ? ಕೆಲಸ ಮಾಡುವಾಗ ಪೆಟ್ಟಾಗುತ್ತದೆ, ಅಷ್ಟೇ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳು ಅಂತ ನೆನಸುತ್ತೀರಾ ಅಂತ ಯೇಸು ಕೇಳಿ, ಇಲ್ಲ ಅಂತ ತಾನೇ ಉತ್ತರವನ್ನೂ ಕೊಟ್ಟ (ಲೂಕ 13). ಆಮೇಲೆ ಮನಸ್ಸು ತಿರುಗಿಸಿಕೊಳ್ಳಿ ಅಂತ ಕೇಳುತ್ತಿದ್ದವರಿಗೇ ಹೇಳಿದ.

ಅವರು ಅಣ್ಣತಮ್ಮಂದಿರಿಗೆ ಮಾಡಿದ ಮೋಸ ನಿಜವಾಗಿದ್ದರೆ ಅದನ್ನು ಸರಿಪಡಿಸಲು ಈಗಲೂ ಸಮಯ ಇದೆ. ಅದನ್ನು ಹೇಳುವ ಸಲುಗೆ ಯಾರಿಗಿದೆಯೋ ಅವರು, ಒಬ್ಬರೇ ಇದ್ದಾಗ, ಮೆಲ್ಲಗೆ ಹೇಳಲಿ. ಕಾಯಿಲೆಯನ್ನು ಮಧ್ಯಕ್ಕೆ ತರುವುದು ಬೇಡ.

ಪ್ರಶ್ನೆ: ಇದೂ ‘ಮಾಡಿದ್ದುಣ್ಣೋ ಮಹಾರಾಯ’ ಅನ್ನೋದೂ ಒಂದೇ ಅಲ್ವಾ? ಕ್ರೈಸ್ತರು ಹೊಸದಾಗಿ ಹೇಳುವುದೇನಿದೆ?

ಉತ್ತರ: ಆ ಗಾದೆಯನ್ನು ನಾನೂ ಆಡುತ್ತೇನೆ, ಅದರಲ್ಲಿ ಸತ್ಯ ಇದೆ. ಬೈಬಲ್ಲೂ ಎಷ್ಟೋ ಕಡೆ ಅದೇ ದಾರಿಯಲ್ಲಿ ಹೋಗುತ್ತದೆ. ಯಾಕೋಬನನ್ನೇ ನೋಡಿ. ಅಣ್ಣ ಏಸಾವನ ಬಟ್ಟೆ ಹಾಕಿಕೊಂಡು, ಕೈಗೂ ಕೊರಳಿಗೂ ಮೇಕೆ ಮರಿಯ ಚರ್ಮ ಸುತ್ತಿಕೊಂಡು, ಕಣ್ಣು ಕಾಣದ ಅಪ್ಪನಿಗೆ ಮೋಸ ಮಾಡಿದ. ಎಷ್ಟೋ ವರ್ಷ ಆದ ಮೇಲೆ ಅವನ ಮಕ್ಕಳೇ ಯೋಸೇಫನ ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿ ತಂದು, ಇದು ನಿನ್ನ ಮಗನದ್ದಾ ನೋಡು ಅಂದರು. ಮತ್ತೆ ಮೇಕೆ, ಮತ್ತೆ ಬಟ್ಟೆ, ಮತ್ತೆ ಮೋಸ ಹೋದ ಅಪ್ಪ. ಇದು ತಿರುಗಿ ಬಂದದ್ದು ಅಂತ ಬರೆದವನು ಒಂದು ಮಾತೂ ಹೇಳುವುದಿಲ್ಲ, ಓದಿದವರಿಗೆ ಗೊತ್ತಾಗುತ್ತದೆ.

ಆದರೆ ಗಾದೆ ಅಲ್ಲಿಗೆ ನಿಲ್ಲುತ್ತದೆ. ಬೈಬಲ್ ಮುಂದಕ್ಕೆ ಹೋಗುತ್ತದೆ. ಅದರಲ್ಲಿರುವ ಎಲ್ಲಕ್ಕಿಂತ ದೊಡ್ಡ ಸಂಚು ಯಾವುದು? ಯೇಸುವಿನ ಮೇಲೆ ನಡೆದದ್ದು. ಜನರಿಗೆ ಗೊತ್ತಾಗದ ಹಾಗೆ ಹಿಡಿಯುವ ಯೋಚನೆ, ಶಿಷ್ಯ ಯೂದನಿಗೆ 30 ಬೆಳ್ಳಿ ನಾಣ್ಯ, ರಾತ್ರಿ ವಿಚಾರಣೆ, ಒಂದಕ್ಕೊಂದು ಹೊಂದದ ಸುಳ್ಳು ಸಾಕ್ಷಿಗಳು. ಗುಂಡಿಯನ್ನು ಪೂರ್ತಿ ತೋಡಿದ್ದರು. ಅದರೊಳಗೆ ಇಳಿದವನು ಅದನ್ನು ತೋಡದವನು. ಇಳಿಯುವಾಗ, ತಂದೆಯೇ ಇವರನ್ನು ಕ್ಷಮಿಸು ಅಂದ. ಸುಮಾರು 50 ದಿನದ ಮೇಲೆ ಅದೇ ಯೆರೂಸಲೇಮಿನಲ್ಲಿ ಯೇಸುವಿನ ಶಿಷ್ಯ ಪೇತ್ರ ಎದ್ದು ನಿಂತು, ನೀವು ಅವನನ್ನು ಶಿಲುಬೆಗೆ ಹಾಕಿಸಿದಿರಿ ಅಂತ ಮುಖಕ್ಕೆ ಹೇಳುತ್ತಾನೆ. ಕೇಳಿದವರ ಎದೆಗೆ ಅಲಗು ನೆಟ್ಟ ಹಾಗಾಯಿತು, ನಾವೇನು ಮಾಡಬೇಕು ಅಂತ ಕೇಳಿದರು. ಗಾದೆಯ ಪ್ರಕಾರ ಅವರು ಉಣ್ಣಬೇಕಿತ್ತು. ಪೇತ್ರ ಹೇಳಿದ್ದು, ಮನಸ್ಸು ತಿರುಗಿಸಿಕೊಳ್ಳಿ, ದೀಕ್ಷಾಸ್ನಾನ ಮಾಡಿಸಿಕೊಳ್ಳಿ, ಪಾಪ ಕ್ಷಮೆಯಾಗುತ್ತದೆ. ಆ ದಿನ ಸುಮಾರು 3,000 ಜನ ಸೇರಿದರು. ಅವರ ಮೇಲೆ ತಿರುಗಿ ಬಂದದ್ದು ಕ್ಷಮೆ. ನಾನು ಕ್ರೈಸ್ತನಾಗಿ ಉಳಿದಿರುವುದೇ ಈ ಒಂದು ಮಾತಿಗೆ.

ಪ್ರಶ್ನೆ: ಅಯ್ಯನವರೇ, ನಾನೇ ಗುಂಡಿ ತೋಡಿದವಳು. ನನ್ನ ನಾದಿನಿಗೆ ಬಂದಿದ್ದ ಒಳ್ಳೆ ಸಂಬಂಧವನ್ನು ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿ ತಪ್ಪಿಸಿದೆ. ಯಾರಿಗೂ ಗೊತ್ತಿಲ್ಲ. ದೇವರ ಹತ್ತಿರ ಎಷ್ಟು ಅತ್ತರೂ ನಿದ್ದೆ ಇಲ್ಲ. ಈಗ ನನ್ನ ಮಗಳು ಮದುವೆ ವಯಸ್ಸಿಗೆ ಬಂದಿದ್ದಾಳೆ. ಅವಳ ಮೇಲೆ ತಿರುಗುತ್ತದಾ?

ಉತ್ತರ: ತಂಗಿ, ಮೊದಲು ಮಗಳ ವಿಷಯ. ತಂದೆಯ ಪಾಪದ ಫಲವನ್ನು ಮಗ ಹೊರುವುದಿಲ್ಲ, ಪಾಪ ಮಾಡಿದವನೇ ಅದಕ್ಕೆ ಉತ್ತರ ಕೊಡಬೇಕು ಅಂತ ದೇವರು ಯೆಹೆಜ್ಕೇಲ 18ರಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದಾನೆ. ಅಪ್ಪ ಅಮ್ಮ ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತು ಹೋಗುತ್ತದೆ ಅನ್ನುವ ಗಾದೆಯನ್ನು ಇನ್ನು ಆಡಬೇಡಿ ಅಂತ ಅಲ್ಲೇ ಇದೆ. ನಿಮ್ಮ ಮಗಳನ್ನು ಆ ಹೆದರಿಕೆಯಿಂದ ಬಿಟ್ಟುಬಿಡಿ.

ಈಗ ನಿಮ್ಮ ವಿಷಯ. ದಾವೀದನ ಕಥೆಯನ್ನು ಇನ್ನೂ ಒಂದು ಸಲ ಓದೋಣ, ಈ ಸಲ ಸಂಚು ಮಾಡಿದವನಾಗಿ. ಅರಸನಾದ ಮೇಲೆ ಅವನು ತನ್ನ ಸೈನಿಕ ಊರೀಯನ ಹೆಂಡತಿಯ ಜೊತೆ ಪಾಪ ಮಾಡಿದ್ದ. ಊರೀಯನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಸಾಯಿಸು ಅಂತ ಸೇನಾಪತಿ ಯೋವಾಬನಿಗೆ ಬರೆದ ಪತ್ರವನ್ನು ದಾವೀದ ಊರೀಯನ ಕೈಯಲ್ಲೇ ಕೊಟ್ಟು ಕಳಿಸಿದ. ತನ್ನ ಸಾವಿನ ಪತ್ರ ಅಂತ ಗೊತ್ತಿಲ್ಲದೆ ಆ ನಂಬಿಗಸ್ತ ಅದನ್ನು ಜೋಪಾನವಾಗಿ ತಗೊಂಡು ಹೋದ. ಅಷ್ಟು ಹೊಲಸು ಕೆಲಸ. ಪ್ರವಾದಿ ನಾತಾನ ಬಂದು ಬಯಲು ಮಾಡಿದಾಗ ದಾವೀದ, ನಾನು ಪಾಪ ಮಾಡಿದೆ ಅಂದ. ದೇವರು ನಿನ್ನ ಪಾಪವನ್ನು ತೆಗೆದುಹಾಕಿದ್ದಾನೆ ಅಂತ ನಾತಾನ ತಕ್ಷಣ ಹೇಳಿದ. ಆದರೆ ಕತ್ತಿ ನಿನ್ನ ಮನೆ ಬಿಟ್ಟು ಹೋಗುವುದಿಲ್ಲ ಅಂತಲೂ ಹೇಳಿದ್ದ, ಅದು ಹೋಗಲೂ ಇಲ್ಲ. ಕ್ಷಮೆ ಸಿಕ್ಕಿತು, ಪರಿಣಾಮ ಉಳಿಯಿತು. ನಿಮಗೂ ಎರಡೂ ಇರಬಹುದು. ನಿಮ್ಮ ನಿದ್ದೆ ಹೋಗಿರುವುದು ಬರೀ ಶಿಕ್ಷೆ ಅಂತ ನನಗೆ ಅನ್ನಿಸುವುದಿಲ್ಲ, ನಿಮ್ಮನ್ನು ಎಲ್ಲಿಗೋ ಕಳಿಸಲು ಅದು ಎಬ್ಬಿಸುತ್ತಿದೆ.

ಎಲ್ಲಿಗೆ ಅಂದರೆ ನಾದಿನಿ ಹತ್ತಿರಕ್ಕೆ. ಮತ್ತಾಯ 5:23-24ರಲ್ಲಿ ಯೇಸು ಹೇಳಿದ್ದು ಅದೇ, ಕಾಣಿಕೆಯನ್ನು ಯಜ್ಞವೇದಿ ಮುಂದೆ ಬಿಟ್ಟು ಮೊದಲು ಹೋಗಿ ಒಂದಾಗು. ದೇವರ ಮುಂದೆ ಅಳುವುದು ಬೇಕು, ಆದರೆ ನಿಮ್ಮಿಂದ ನಷ್ಟ ಆದದ್ದು ಅವಳಿಗೆ. ತೆರಿಗೆ ವಸೂಲಿ ಮಾಡುತ್ತಿದ್ದ ಜಕ್ಕಾಯ ಬರೀ ಅಳಲಿಲ್ಲ, ಮೋಸ ಮಾಡಿ ತಗೊಂಡದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ಕಳೆದುಹೋದ ಸಂಬಂಧವನ್ನು ನೀವು ವಾಪಸ್ ಕೊಡಲಾರಿರಿ. ಆದರೆ ಅವಳ ಮೇಲೆ ಹಾಕಿದ ಕೆಟ್ಟ ಹೆಸರನ್ನು ತೆಗೆಯಬಹುದು. ಅದು ಇವತ್ತಿಗೂ ಯಾರದೋ ಬಾಯಲ್ಲಿ ಓಡಾಡುತ್ತಿರಬಹುದು.

ಯೋಸೇಫನ ಅಣ್ಣಂದಿರು ಇದನ್ನು ತುಂಬಾ ವರ್ಷ ಹೊತ್ತುಕೊಂಡೇ ತಿರುಗಿದರು. 20 ಬೆಳ್ಳಿ ನಾಣ್ಯಕ್ಕೆ ತಮ್ಮನನ್ನು ಮಾರಿದ್ದರು. ಅವನು ಕ್ಷಮಿಸಿ, ಐಗುಪ್ತದಲ್ಲಿ ಜಾಗ ಕೊಟ್ಟು, ಅವರ ಮಕ್ಕಳು ಮರಿಗಳನ್ನೆಲ್ಲ ಸಾಕಿದ ಮೇಲೂ ಅವರಿಗೆ ಒಳಗೆ ಭಯ. ಅಪ್ಪ ಸತ್ತ ಕೂಡಲೇ, ಇನ್ನು ಇವನು ಸೇಡು ತೀರಿಸಿಕೊಳ್ಳುತ್ತಾನೆ ಅಂತ ಹೆದರಿ, ನಮ್ಮನ್ನು ಕ್ಷಮಿಸು ಅಂತ ಹೇಳಿಕಳಿಸಿದರು. ಅದನ್ನು ಕೇಳಿ ಯೋಸೇಫ ಅತ್ತ. ನಾನು ದೇವರ ಸ್ಥಾನದಲ್ಲಿದ್ದೇನಾ? ನೀವು ನನಗೆ ಕೇಡು ಬಗೆದಿರಿ, ದೇವರು ಅದನ್ನೇ ಒಳ್ಳೆಯದಕ್ಕೆ ಮಾಡಿದ ಅಂದ (ಆದಿಕಾಂಡ 50). ನಿಮ್ಮ ನಾದಿನಿ ಯೋಸೇಫನ ಹಾಗೇ ಮಾತಾಡುತ್ತಾಳೆ ಅಂತ ನಾನು ಭರವಸೆ ಕೊಡಲಾರೆ. ಅವಳು ಬಾಗಿಲು ಹಾಕಿಕೊಳ್ಳಬಹುದು. ವರ್ಷಗಟ್ಟಲೆ ಮಾತು ಬಿಡಬಹುದು. ಅದು ಅವಳ ಹಕ್ಕು, ಕ್ಷಮಿಸು ಅಂತ ಅವಳ ಮೇಲೆ ವಚನ ಹೇರಬೇಡಿ.

ಮೊದಲು ನಿಮ್ಮ ಗಂಡನಿಗೆ ಹೇಳಿ, ಅವರ ತಂಗಿಯ ವಿಷಯ ಅದು. ಆಮೇಲೆ ನಾದಿನಿಗೆ, ಮುಖಾಮುಖಿ, ಫೋನಿನಲ್ಲಿ ಅಲ್ಲ. ಏನು ಹೇಳಿದೆ, ಯಾರಿಗೆ ಹೇಳಿದೆ, ಯಾಕೆ ಹೇಳಿದೆ ಅನ್ನುವುದನ್ನು ಅರ್ಧಕ್ಕೆ ನಿಲ್ಲಿಸದೆ ಹೇಳಿ, ಅವಳ ತಪ್ಪುಗಳನ್ನು ಅದರ ಜೊತೆ ಸೇರಿಸಬೇಡಿ. ನಿಮ್ಮ ಸುಳ್ಳನ್ನು ಕೇಳಿದ ಆ ಮನೆಯವರಿಗೂ ತಿಳಿಸಬೇಕಾ ಬೇಡವಾ ಅನ್ನುವುದನ್ನು ಅವಳೇ ತೀರ್ಮಾನಿಸಲಿ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಸಭೆಯಲ್ಲಿ ಬಾಯಿ ಬಿಗಿ ಇರುವ ಹಿರಿಯ ಹೆಂಗಸೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಹೋಗಿ ಬಂದ ಮೇಲೆ ನನಗೆ ಬರೆಯಿರಿ, ಅದನ್ನು ಪತ್ರಿಕೆಯಲ್ಲಿ ಹಾಕುವುದಿಲ್ಲ.